ಅವರ ನೂರಕ್ಕೆ ನಮ್ಮ ನೂರ ನಲವತ್ತನಾಲ್ಕು

ಪಾಕಿಸ್ತಾನದ ಮೂರು ರೂಪಾಯಿ ಚಿಲ್ಲರೆ ಕೊಟ್ಟರೆ ನಮ್ಮ ಒಂದು ರೂಪಾಯಿ ಸಿಗುತ್ತದೆ ಅಂತ ಎದೆ ತಟ್ಟಿಕೊಳ್ಳುವ ಪೋಸ್ಟುಗಳು ಬರುತ್ತಲೇ ಇರುತ್ತವೆ. ಲೆಕ್ಕ ಸರಿಯೇ. ಆದರೆ ಕೆಳಗೆ "ಮೊದಲಿನಿಂದಲೂ ಹೀಗೇ" ಅಂತ ಸೇರಿಸುತ್ತಾರಲ್ಲ, ಎಡವಟ್ಟಾಗುವುದು ಅಲ್ಲಿ. 1949ರ ಸೆಪ್ಟೆಂಬರಿನಿಂದ 1955ರ ಜುಲೈವರೆಗೆ ಡಾಲರ್ ಲೆಕ್ಕದಲ್ಲಿ ಅವರ 100 ರೂಪಾಯಿ ಬೇಕೆಂದರೆ ನಾವು 144 ಎಣಿಸಬೇಕಿತ್ತು.

1947ರಲ್ಲಿ ದೇಶ ಎರಡಾಯಿತು, ರೂಪಾಯಿ ಆಗಲಿಲ್ಲ. 1948ರ ಜೂನ್ 30ರವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಎರಡೂ ಕಡೆಯ ನಾಣ್ಯ ವ್ಯವಹಾರ ನೋಡಿಕೊಂಡಿತು. ಅಲ್ಲಿಗೆ ಹೋದದ್ದು ಆರನೇ ಜಾರ್ಜ್ ಮುಖದ ಅದೇ ನೋಟು, ಮೇಲೆ 'ಪಾಕಿಸ್ತಾನ ಸರ್ಕಾರ' ಅಂತ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಇನ್ನೊಂದು ಅಚ್ಚು, ಅಷ್ಟೇ. ಜುಲೈ 1ಕ್ಕೆ ಕರಾಚಿಯಲ್ಲಿ ಅವರದೇ ಕೇಂದ್ರ ಬ್ಯಾಂಕು, ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್, ಶುರುವಾದ ಮೇಲೂ ದರ ಒಂದಕ್ಕೆ ಒಂದೇ. ಎರಡೂ ರೂಪಾಯಿ ಬ್ರಿಟನ್ನಿನ ಪೌಂಡಿಗೆ ಕಟ್ಟಿಕೊಂಡಿದ್ದವು, ರೂಪಾಯಿಗೆ 18 ಪೆನ್ಸಿನಂತೆ.

1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ಕಾಗದ ಪೆನ್ನು ಹಿಡಿದು ನೋಡಿ. ಒಂದು ಪೌಂಡಿಗೆ 240 ಪೆನ್ಸ್, ಹಾಗಾಗಿ 18 ಪೆನ್ಸ್ ಅಂದರೆ 0.075 ಪೌಂಡ್. ಅದನ್ನು 4.03ರಿಂದ ಗುಣಿಸಿದರೆ ರೂಪಾಯಿಗೆ 30.225 ಅಮೆರಿಕನ್ ಸೆಂಟ್, 2.80ರಿಂದ ಗುಣಿಸಿದರೆ ಸರಿಯಾಗಿ 21 ಸೆಂಟ್. ಭಾರತ ಪೌಂಡಿನ ಬೆನ್ನಿಗೇ 21ಕ್ಕೆ ಇಳಿಯಿತು. ಪಾಕಿಸ್ತಾನ 30.225 ಬಿಟ್ಟು ಕದಲಲಿಲ್ಲ. ಈಗ 30.225ನ್ನು 21ರಿಂದ ಭಾಗಿಸಿ: 1.439. ದುಂಡಗೆ ಮಾಡಿದರೆ ಆ 144. (ಒಂದು ಡಾಲರಿಗೆ ಒಂದು ರೂಪಾಯಿ ಇತ್ತು ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. 1947ರಲ್ಲಿ ಡಾಲರಿಗೆ 3 ರೂಪಾಯಿ 5 ಆಣೆಯ ಆಸುಪಾಸು.)

ಇಲ್ಲೊಂದು ಕಡೆ ಓದಿಕೊಂಡವರೂ ಜಾರುತ್ತಾರೆ. ಒಂದು ಪುಸ್ತಕದಲ್ಲಿ ಶೇ 30.5 ಅಪಮೌಲ್ಯ ಅಂತ ಇರುತ್ತದೆ, ಇನ್ನೊಂದರಲ್ಲಿ ಶೇ 44 ಅಂತ. ಎರಡೂ ಸರಿ. ರೂಪಾಯಿ ಕಡೆಯಿಂದ ನೋಡಿದರೆ 30.225ರಿಂದ 21ಕ್ಕೆ ಇಳಿತ, ಶೇ 30.5. ಡಾಲರ್ ಕಡೆಯಿಂದ ನೋಡಿದರೆ 3.31ರಿಂದ 4.76ಕ್ಕೆ ಏರಿಕೆ, ಶೇ 44. ಯಾವುದರ ಬೆಲೆಯನ್ನು ಯಾವುದರಲ್ಲಿ ಹೇಳುತ್ತಿದ್ದಾರೆ ಅಂತ ಮೊದಲು ನೋಡಿಕೊಳ್ಳದೆ ಶೇಕಡಾವಾರು ಹಂಚಬೇಡಿ.

ಪೌಂಡಿಗೆ ತಮ್ಮ ಹಣ ಕಟ್ಟಿಕೊಂಡಿದ್ದ ದೇಶಗಳ ಸ್ಟರ್ಲಿಂಗ್ ಕೂಟದಲ್ಲಿ ಹೀಗೆ ಪಟ್ಟು ಹಿಡಿದದ್ದು ಪಾಕಿಸ್ತಾನ ಒಂದೇ. ಹಿಡಿದದ್ದು ಸೆಣಬಿನ ಬಲದ ಮೇಲೆ. ಒಳ್ಳೆಯ ಸೆಣಬು ಬೆಳೆಯುವ ನೆಲ ಆಗ ಪಾಕಿಸ್ತಾನದ ಪಾಲಾಗಿದ್ದ ಪೂರ್ವ ಬಂಗಾಳದಲ್ಲಿ (ಇಂದಿನ ಬಾಂಗ್ಲಾದೇಶ), ಅದನ್ನು ನೇಯುವ ಗಿರಣಿಗಳು ಕಲ್ಕತ್ತೆಯ ಸುತ್ತ ಹೂಗ್ಲಿ ದಂಡೆಯಲ್ಲಿ. ಕೊಳ್ಳುವವನಿಗೆ ಬೇರೆ ಗತಿಯಿಲ್ಲದಾಗ ಮಾರುವವನು ದರ ಯಾಕೆ ಇಳಿಸಬೇಕು? ಲೆಕ್ಕಕ್ಕೆ ಮಣ ಸೆಣಬಿಗೆ ಅಲ್ಲಿ 25 ರೂಪಾಯಿ ಇತ್ತು ಅಂದುಕೊಳ್ಳಿ. ನಿನ್ನೆ 25 ಕೊಟ್ಟ ಗಿರಣಿಯವನು ಇವತ್ತು 36 ಕೊಡಬೇಕು. ರೈತನಿಗೆ ಒಂದಾಣೆಯೂ ಹೆಚ್ಚು ಸಿಗುವುದಿಲ್ಲ, ಗಿರಣಿಗೆ 11 ರೂಪಾಯಿ ಹೊಡೆತ.

ಭಾರತ ಈ ದರವನ್ನು ಮೊದಲು ಒಪ್ಪಲಿಲ್ಲ. ಸೆಣಬು ಗಡಿಯಲ್ಲಿ ನಿಂತಿತು, ಇಲ್ಲಿಂದ ಕಲ್ಲಿದ್ದಲು ಹೋಗುವುದು ನಿಂತಿತು. 1950ರ ಏಪ್ರಿಲಿನಲ್ಲಿ ಒಂದಿಷ್ಟು ಸೆಣಬಿಗೆ ಭಾರತೀಯ ರೂಪಾಯಿಯಲ್ಲೇ ಬೆಲೆ ಕಟ್ಟಿ, ದರದ ಮಾತೆತ್ತದೆ ಒಪ್ಪಂದ ಮಾಡಿಕೊಂಡರು. ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾಗಿ ಸೆಣಬು, ಹತ್ತಿಯ ಬೆಲೆ ಜಿಗಿಯಿತು, ಪಾಕಿಸ್ತಾನದ ಕೈ ಮೇಲಾಯಿತು. 1951ರ ಫೆಬ್ರವರಿಯಲ್ಲಿ ಭಾರತ 144ಕ್ಕೆ ತಲೆಯಾಡಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಈ ಹದಿನೇಳು ತಿಂಗಳ ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸೋತರು. ಇಲ್ಲಿ ಭತ್ತದ ಗದ್ದೆಗಳಿಗೂ ಸೆಣಬು ಬಂತು, ಅಲ್ಲಿ ಢಾಕಾ ಹತ್ತಿರದ ನಾರಾಯಣಗಂಜಿನಲ್ಲಿ ಆದಂಜಿ ಸೆಣಬಿನ ಗಿರಣಿ ಎದ್ದಿತು. ಒಂದೇ ಬಂಗಾಳದಲ್ಲಿದ್ದ ಬೆಳೆ ಮತ್ತು ಮಗ್ಗ ಮತ್ತೆ ಮೊದಲಿನಂತೆ ಕೂಡಲಿಲ್ಲ.

ಹಾಗಾಗಿ ಹಳೆಯ ದರದ ಕೋಷ್ಟಕ ಕಂಡಾಗ ಆ ಹದಿನೇಳು ತಿಂಗಳ ಎದುರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಡಿ. ಅಲ್ಲಿರುವುದು ಡಾಲರ್ ಮೂಲಕ ಭಾಗಿಸಿ ತೆಗೆದ ಸಂಖ್ಯೆ, ವ್ಯಾಪಾರ ನಡೆದ ದರವಲ್ಲ.

ಕೊರಿಯಾದ ಬಿಸಿ ಆರಿದ ಮೇಲೆ ಸೆಣಬಿನ ಬೆಲೆ ಬಿತ್ತು. 1955ರ ಜುಲೈ ಕೊನೆಗೆ ಪಾಕಿಸ್ತಾನವೂ ಡಾಲರಿಗೆ 4.76 ರೂಪಾಯಿಗೆ ಬಂತು. ಮತ್ತೆ ಸಮ ಸಮ. 1966ರ ಜೂನ್ 6ರಂದು ನಾವು 7.50ಕ್ಕೆ ಇಳಿಸಿಕೊಂಡೆವು, ಅವರು ಇಳಿಸಲಿಲ್ಲ. ಅವರ ನೂರಕ್ಕೆ ನಮ್ಮ 157 ರೂಪಾಯಿ 50 ಪೈಸೆ! ಆದರೆ ಈ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಅಲ್ಲಿ 1959ರಿಂದಲೇ ರಫ್ತುದಾರರಿಗೆ ಬೋನಸ್ ವೋಚರ್, ಅಂದರೆ ಆಮದಿಗೆ ಹಕ್ಕು ಕೊಡುವ ಚೀಟಿ, ಕೊಡುತ್ತಿದ್ದರು. ಆ ಚೀಟಿಯನ್ನು ಆಮದು ಮಾಡುವವರು ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು. ಅಂದರೆ 4.76 ಸರ್ಕಾರಿ ಬೋರ್ಡಿನ ಮೇಲಿನ ದರ, ಕೈಬದಲಾದ ಡಾಲರಿನ ಬೆಲೆ ಅದಕ್ಕಿಂತ ಮೇಲೆ. ಬಾಂಗ್ಲಾದೇಶ ಬೇರೆಯಾಗಿ ಸೆಣಬೂ ಕೈತಪ್ಪಿದ ಮೇಲೆ, 1972ರ ಮೇನಲ್ಲಿ, ಪಾಕಿಸ್ತಾನ ಒಂದೇ ಏಟಿಗೆ ಡಾಲರಿಗೆ 11 ರೂಪಾಯಿ ಮಾಡಿತು. ವೋಚರ್ ಪದ್ಧತಿಗೂ ಅಲ್ಲಿಗೇ ತೆರೆ. ನಮ್ಮ ರೂಪಾಯಿ ಮೊದಲ ಸಲ ಮೇಲೆ ಬಂದದ್ದು ಆಗ.

ಅಲ್ಲಿಂದ ಒಂದೇ ದಿಕ್ಕಿಗೆ ಬಂದಿದೆ ಅಂದುಕೊಂಡರೆ ಅದೂ ಇಲ್ಲ. 1991ರಿಂದ 93ರವರೆಗೆ ನಮ್ಮಲ್ಲಿ ಆದ ಇಳಿಕೆ ಗೊತ್ತೇ ಇದೆ. 1994ರ ಸರಾಸರಿ ತೆಗೆದು ನೋಡಿ: ಡಾಲರಿಗೆ ನಮ್ಮದು 31.37, ಅವರದು 30.57. ಆ ವರ್ಷವೂ ಅವರ ನೂರಕ್ಕೆ ನಾವು ನೂರರ ಮೇಲೆ ಎರಡೂವರೆ ರೂಪಾಯಿ ಇಡಬೇಕಿತ್ತು.