ಬಿಯರ್ ಕಾಯಿಸುತ್ತಿದ್ದ ಹೆಂಗಸರು ಎಲ್ಲಿ ಹೋದರು?

ಆಗಾಗ ಒಂದು ಪೋಸ್ಟ್ ಸುತ್ತು ಹೊಡೆಯುತ್ತಿರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಬಿಯರ್ ಮಾಡುತ್ತಿದ್ದ ಹೆಂಗಸರು ಚೂಪು ಟೋಪಿ ಹಾಕುತ್ತಿದ್ದರಂತೆ, ಇಲಿ ಕಾಟಕ್ಕೆ ಬೆಕ್ಕು ಸಾಕುತ್ತಿದ್ದರಂತೆ. ಕಸುಬು ಕಿತ್ತುಕೊಳ್ಳಲು ಗಂಡಸರು ಅವರನ್ನೇ ಮಾಟಗಾತಿಯರೆಂದು ಸುಟ್ಟರಂತೆ. ಕತೆಯೇನೋ ಮಜವಾಗಿದೆ, ಆದರೆ ಪುರಾವೆ ತೀರಾ ತೆಳು. ನನ್ನ ತಕರಾರು ಇನ್ನೊಂದಿದೆ: ನಿಜವಾಗಿ ನಡೆದದ್ದನ್ನು ಈ ಕತೆ ಮುಚ್ಚಿಬಿಡುತ್ತದೆ.

ಇಂಗ್ಲೆಂಡಿನ ಹಳೆಯ ಬಿಯರ್, ಅಂದರೆ ಏಲ್: ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ನೀರು, ಯೀಸ್ಟ್, ಅಷ್ಟೇ. ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಹಾಗಾಗಿ ಅದು ಮನೆಯ ಕೆಲಸ. ಮನೆಮಂದಿಗೆಂದು ಕಾಯಿಸಿ, ಮಿಕ್ಕಿದ್ದನ್ನು ಗುರುತಿಗೆಂದು ಬಾಗಿಲಿಗೆ ಒಂದು ಕೋಲು ಸಿಕ್ಕಿಸಿ ಮಾರುವುದು. ಆಮೇಲೆ, 15ನೇ ಶತಮಾನದ ಹೊತ್ತಿಗೆ, ಕಡಲಾಚೆಯ ಫ್ಲಾಂಡರ್ಸ್, ಹಾಲೆಂಡ್ ಕಡೆಯಿಂದ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿದ ಬಿಯರ್ ಬಂತು. ಹಾಪ್ಸ್ ಬಿದ್ದರೆ ತಿಂಗಳುಗಟ್ಟಲೆ ಕೆಡದು. ಅಷ್ಟೇ ಮಾಲ್ಟಿನಿಂದ ಹೆಚ್ಚು ಬಿಯರ್ ಇಳಿಸಬಹುದು, ಪೀಪಾಯಿಗೆ ತುಂಬಿ ಹಡಗಿಗೆ, ಸೈನ್ಯಕ್ಕೆ ಮಾರಬಹುದು. ಆದರೆ ಇದಕ್ಕೆ ದೊಡ್ಡ ಹಂಡೆ ಬೇಕು, ರಾಶಿ ಸೌದೆ ಬೇಕು, ಎಲ್ಲಕ್ಕಿಂತ ಮೊದಲು ಸಾಲ ಹುಟ್ಟಬೇಕು. ಮದುವೆಯಾದವಳಿಗೆ ತನ್ನ ಹೆಸರಲ್ಲಿ ಆಸ್ತಿಯೇ ಇಲ್ಲದ ಕಾಲದಲ್ಲಿ ಸಾಲ ಕೊಡುವವರು ಯಾರು? ಬೆಂಕಿ ಹಚ್ಚುವ ಅಗತ್ಯವೇ ಬೀಳಲಿಲ್ಲ, ಲೆಕ್ಕಪುಸ್ತಕವೇ ಸಾಕಾಯಿತು.

ಬಿಯರ್ ಮಾರುವ ಹೆಂಗಸರ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಇನ್ನೂ ಹಿಂದೆ. ಈಗಿನ ಇರಾಕಿನ ನೆಲದಲ್ಲಿದ್ದ ಪ್ರಾಚೀನ ಸುಮೇರಿಯನ್ನರು ನಿಂಕಾಸಿ ಎಂಬ ಬಿಯರ್ ದೇವತೆಯನ್ನು ಹಾಡಿ ಹೊಗಳಿದರು. ಅವಳು ಬಿಯರ್ ಸುರಿದರೆ ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಹರಿದಂತೆ ಎಂದು ಆ ಸ್ತೋತ್ರ ಹೇಳುತ್ತದೆ. ಅದೇ ನೆಲದಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನ, ಕೊಟ್ಟ ಧಾನ್ಯಕ್ಕೆ ತಕ್ಕ ಬಿಯರ್ ಕೊಡದ ಪಾನಗೃಹದ ಒಡತಿಯನ್ನು ನೀರಿಗೆ ಎಸೆಯಿರಿ ಅಂದಿತು. ದೇವತೆಗೆ ಸ್ತೋತ್ರ, ಒಡತಿಗೆ ಹೊಳೆ!

ಇದೆಲ್ಲ ಹಳೇ ಮಾತು ಅನ್ನುವವರು ದಕ್ಷಿಣ ಆಫ್ರಿಕಾದ ಡರ್ಬನ್ ನಗರವನ್ನು ನೋಡಬೇಕು. ಜೋಳದ ಬಿಯರ್ ಮಾಡುವುದು ಅಲ್ಲಿನ ಆಫ್ರಿಕನ್ ಹೆಂಗಸರ ಕೈಕೆಲಸ. 1908ರ ಕಾನೂನಿನ ಬಲದಿಂದ ನಗರಸಭೆ ಅದರ ಏಕಸ್ವಾಮ್ಯ ಹಿಡಿಯಿತು, ತನ್ನದೇ ಬಿಯರ್ ಹಾಲ್ ತೆರೆಯಿತು. ಮನೆಯಲ್ಲಿ ಮಾಡಿ ಮಾರಿದರೆ ಅಪರಾಧ. ಪೊಲೀಸರು ಬಂದು ಡ್ರಮ್ಮು ಉರುಳಿಸಿ ಹೋಗುತ್ತಿದ್ದರು. 1959ರ ಜೂನ್‌ನಲ್ಲಿ ಅದೇ ನಗರದ ಬಡಾವಣೆ ಕೇಟೋ ಮ್ಯಾನರ್‌ನ ಹೆಂಗಸರು ಕೋಲು ಹಿಡಿದು ಬಿಯರ್ ಹಾಲ್‌ಗೇ ನುಗ್ಗಿ, ಕುಡಿಯುತ್ತ ಕೂತಿದ್ದ ಗಂಡಸರನ್ನು ಹೊರಗಟ್ಟಿದರು. ಆ ಹಾಲ್‌ಗಳ ಲಾಭ ಎಲ್ಲಿಗೆ ಹೋಗುತ್ತಿತ್ತು ಗೊತ್ತೇ? ಅದೇ ಆಫ್ರಿಕನ್ನರನ್ನು ಹದ್ದುಬಸ್ತಿನಲ್ಲಿಡುವ ಆಡಳಿತದ ಖರ್ಚಿಗೆ.