ಕಷ್ಟ ಮುಗಿಯುವ ಮೊದಲೇ ಸಾಕ್ಷಿ ಹೇಳಬಾರದಾ?

ನಮ್ಮವರಿಗೆ ಡಯಾಲಿಸಿಸ್ ಶುರುವಾಗಿ 14 ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಸ್ಲೋ ಲೋಕಲ್ ರೈಲು ಹಿಡಿದು ಠಾಣೆ ನಗರಕ್ಕೆ ಹೋಗುತ್ತೇವೆ. ಪ್ರತಿ ಸಲ 4 ಗಂಟೆ ಅವರು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ ಸತ್ಯವೇದ ಹಿಡಿದುಕೊಂಡು.

ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಸಮಯ ಇದೆ. ಕೆಲಸ ಸಿಕ್ಕಿದವರು, ಆಪರೇಷನ್ ಚೆನ್ನಾಗಿ ಆದವರು, ಮಗಳ ಮದುವೆ ಗೊತ್ತಾದವರು ಮೈಕ್ ಹಿಡಿಯುತ್ತಾರೆ. ಕೇಳಲು ನನಗೂ ಖುಷಿಯೇ. ಆದರೆ ಇನ್ನೂ ಕಷ್ಟದ ನಡುವೆ ಇರುವವರು ಯಾರೂ ಎದ್ದು ನಿಲ್ಲುವುದಿಲ್ಲ. ನಾನೂ ನಿಂತಿಲ್ಲ. ಮೊನ್ನೆ ಪ್ರಾರ್ಥನೆಯಲ್ಲಿ ಅಳು ಬಂತು. ಪಕ್ಕದಲ್ಲಿದ್ದವರು "ಅಳಬೇಡಿ ಅಕ್ಕಾ, ಸ್ತೋತ್ರ ಹೇಳಿ" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೂ ರಾತ್ರಿಯಿಡೀ ಆ ಮಾತು ಚುಚ್ಚುತ್ತಿತ್ತು. ಅಳುತ್ತಾ ಸ್ತೋತ್ರ ಮಾಡಬಾರದಾ?

ಸತ್ಯವೇದದ ಕೀರ್ತನೆಗಳನ್ನು ಓದಿ ನೋಡಿ. 13ನೇ ಕೀರ್ತನೆಯಲ್ಲಿ ದಾವೀದ "ಇನ್ನು ಎಲ್ಲಿಯ ತನಕ" ಅಂತ ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಹಾಡುತ್ತಾನೆ, ಸರಿ. 88 ಹಾಗಲ್ಲ. ಹಗಲೂ ರಾತ್ರಿ ಕೂಗಿದ್ದೇನೆ ಅಂತ ಶುರುವಾಗಿ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಯಾರೂ ಅದನ್ನು ತೆಗೆದುಹಾಕಲಿಲ್ಲ. ಒಟ್ಟು 150 ಕೀರ್ತನೆಗಳಲ್ಲಿ ಅದಕ್ಕೂ ಜಾಗ ಇದೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲೇ, ಯಾಕೆ ಕೈಬಿಟ್ಟೆ ಎಂಬ ಕೂಗು.

ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರನ್ನು ಹಾಕಿದ್ದ ಫಿಲಿಪ್ಪಿ ಪಟ್ಟಣದ ಸೆರೆಮನೆಯ ಕಥೆ ಹೇಳುವಾಗ ನಾವು ಬಾಗಿಲುಗಳನ್ನು ತೆರೆದ ಭೂಕಂಪದ ಬಗ್ಗೆಯೇ ಜಾಸ್ತಿ ಹೇಳುತ್ತೇವೆ, ಅಲ್ವಾ? ಅವರಿಬ್ಬರು ಹಾಡಿದ್ದು ಅದಕ್ಕಿಂತ ಮೊದಲು. ಮೈಮೇಲೆ ಏಟಿನ ಗಾಯ, ಕಾಲಿಗೆ ಕೋಳ, ಮಧ್ಯರಾತ್ರಿ. ಬಾಗಿಲು ತೆರೆಯುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಉಳಿದ ಕೈದಿಗಳು ಕೇಳುತ್ತಿದ್ದರು ಅಂತ ಅಲ್ಲಿ ಬರೆದಿದೆ. ಆ ಒಂದು ಮಾತನ್ನು ನಾನು ಆ ಬೆಂಚಿನ ಮೇಲೆ ಎಷ್ಟು ಸಲ ಓದಿದ್ದೇನೋ.

ಹೋದ ಬುಧವಾರ ವಾಪಸ್ ಬರುವಾಗ ಲೋಕಲ್‌ನಲ್ಲಿ ನಮ್ಮವರು ಮೆಲ್ಲಗೆ ಊರಿನ ಸಭೆಯ ಹಾಡೊಂದನ್ನು ಹಾಡಿದರು. ಮೊದಲು ಕ್ವಾಯರ್‌ನಲ್ಲಿ ಬೇಸ್ ಹಾಡುತ್ತಿದ್ದವರು. ಈಗ ಎರಡು ಸಾಲಿಗೇ ಉಸಿರು ಸಾಲಲಿಲ್ಲ. ಎದುರು ಕೂತಿದ್ದ ಮರಾಠಿ ಅಜ್ಜಿ ನೀರಿನ ಬಾಟಲಿ ಚಾಚಿದರು. ಇವರು ಜಾಸ್ತಿ ನೀರು ಕುಡಿಯುವ ಹಾಗಿಲ್ಲ. ಒಂದೇ ಗುಟುಕು ಕುಡಿದು, ಮೂರನೇ ಸಾಲು ಹಾಡಿದರು. ನನಗೆ ಇದೇ ಸಾಕ್ಷಿ. ವಾಸಿಯಾದ ಮೇಲೆ ಹೇಳೋಣ ಅಂತ ಕಾಯುವುದಿಲ್ಲ.

ಈ ಶನಿವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ. 88ನೇ ಕೀರ್ತನೆ ಓದುತ್ತೇವೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ನಾವೂ ಸ್ವಲ್ಪ ಹೊತ್ತು ಕೂತಿರುತ್ತೇವೆ. ಅಳು ಬಂದವರು ಅಳಬಹುದು. ಬನ್ನಿ.