ವೈರು ನಡುವೆ, ಬಾಲ ತುದಿಗೆ

ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನ ಬದಲಿಗೆ ಹಾಕುವ ಉದ್ದನೆಯ ಲೈಟು) ತಯಾರಿಸುವವರು ಹಳೇ ಮನೆಯೊಳಗೆ ಒಮ್ಮೆಯಾದರೂ ತಲೆಯೆತ್ತಿ ನೋಡಿದವರಲ್ಲ. ನೋಡಿದ್ದರೆ ವೈರನ್ನು ತುದಿಯಲ್ಲಿ ಕೊಡುತ್ತಿರಲಿಲ್ಲ. ನಮ್ಮ ಚಿಕ್ಕಮಗಳೂರು ಕಡೆಯ ಹಳೇ ಮನೆಗಳಲ್ಲಿ ಟ್ಯೂಬ್‌ಲೈಟಿನ ವೈರು ಮೇಲಿನಿಂದ ಇಳಿಯುವುದು ತಗಡಿನ ಪಟ್ಟಿಯ ನಟ್ಟನಡುವಿಗೆ. ಪಟ್ಟಿಯ ಬೆನ್ನಲ್ಲಿ ತೂತು, ತೂತಿನೊಳಗೆ ವೈರು, ಪಕ್ಕದಲ್ಲೇ ಚೋಕು. ಹೊರಗಿನವರಿಗೆ ಏನೂ ಕಾಣದು. ಹೊಸ ಬ್ಯಾಟನ್ನಿಗೋ ಒಂದು ತುದಿಯಲ್ಲಿ ಗೇಣುದ್ದದ ವೈರಿನ ಬಾಲ. ನಾಲ್ಕಡಿ ಲೈಟಿನ ನಡುವಿನಿಂದ ತುದಿಗೆ ಎರಡಡಿ. ಗೇಣು ಎಳೆದರೆ ಎರಡಡಿ ಆಗುವುದಿಲ್ಲ. ಇಷ್ಟು ಗೊತ್ತಾಗುವುದು ಹಳೆಯದನ್ನೆಲ್ಲ ಕಿತ್ತು, ಸ್ಟೂಲಿನ ಮೇಲೆ ನಿಂತು, ಹೊಸದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ.

ಅಂಗಡಿಯವರು ಮಾತ್ರ "ಹತ್ತು ನಿಮಿಷದ ಕೆಲಸ ಮಾರಾಯ್ರೆ" ಎಂದಿರುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಲೈಟಿನ ಕೆಲಸ ಹತ್ತೇ ನಿಮಿಷದ್ದು. ಉಳಿದ ದಿನವೆಲ್ಲ ಮನೆಯ ಕೆಲಸ.

ಬದಲಾಯಿಸಲು ಕಾರಣವೇನೋ ಗಟ್ಟಿಯಾಗಿಯೇ ಇದೆ. ಹಳೇ ದಪ್ಪ ಟ್ಯೂಬು 40 ವ್ಯಾಟಿನದು, ಚೋಕು ತಾನೂ ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತದೆ, ಒಟ್ಟು 50ರ ಆಸುಪಾಸು. ಹೊಸದು 20. ದಿನಕ್ಕೆ ಆರು ಗಂಟೆ ಉರಿಸಿದರೆ ತಿಂಗಳಿಗೆ ಐದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಉಳಿತಾಯ. ಅದೂ ಅಲ್ಲದೆ ಮಳೆಗಾಲದಲ್ಲಿ ವೋಲ್ಟೇಜು ಬಿದ್ದರೆ ಹಳೇ ಟ್ಯೂಬು ಹತ್ತುವುದೇ ಇಲ್ಲ. ಕಣ್ಣು ಪಿಳಿಪಿಳಿ ಮಾಡುತ್ತದೆ, ಯಾರಾದರೂ ಮೇಲೆ ಹತ್ತಿ ಸ್ಟಾರ್ಟರ್ ತಿರುಗಿಸಬೇಕು.

ಮೊದಲು ಕರೆಂಟು. "ಸ್ವಿಚ್ ಆಫ್ ಮಾಡಿದ್ದೀನಲ್ಲ" ಎಂಬ ಮಾತನ್ನು ಹಳೇ ಮನೆಯಲ್ಲಿ ನಂಬಬಾರದು. ಎಷ್ಟೋ ಕಡೆ ಸ್ವಿಚ್ಚನ್ನು ಫೇಸಿಗೆ (ಕರೆಂಟು ಬರುವ ವೈರಿಗೆ) ಹಾಕುವ ಬದಲು ನ್ಯೂಟ್ರಲ್ಲಿಗೆ (ಮರಳಿ ಹೋಗುವ ವೈರಿಗೆ) ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಇದ್ದರೂ ಫೇಸು ನೇರ ಮೇಲಿನ ಹೋಲ್ಡರಿನಲ್ಲೇ ಕುಳಿತಿರುತ್ತದೆ. ಮೇನ್ ಇಳಿಸಬೇಕು. ಪಿಂಗಾಣಿ ಫ್ಯೂಸು ಇರುವ ಮನೆಯಾದರೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಉತ್ತಮ, ಇಲ್ಲದಿದ್ದರೆ ಮಿಕ್ಸಿ ಓಡಲಿಲ್ಲವೆಂದು ಯಾರೋ ಬಂದು ಸಿಕ್ಕಿಸುತ್ತಾರೆ. ಇನ್ನು ನಮ್ಮ ಕಡೆ ಎಲ್ಲರೂ ಮರೆಯುವುದು ಯುಪಿಎಸ್ಸು. ಮೇನ್ ಇಳಿಸಿದ ಕೂಡಲೇ ಕರೆಂಟು ಹೋಯಿತೆಂದು ಅದು ಬಹಳ ನಿಷ್ಠೆಯಿಂದ ಲೈಟಿನ ಲೈನಿಗೆ ಬ್ಯಾಟರಿಯಿಂದ 230 ವೋಲ್ಟ್ ಕಳಿಸತೊಡಗುತ್ತದೆ. ಅದನ್ನೂ ಆರಿಸಬೇಕು. ಟೆಸ್ಟರನ್ನು ಮೇನ್ ಇಳಿಸುವ ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ಚುಚ್ಚಿ, ಅದು ಬದುಕಿದೆಯೋ ಇಲ್ಲವೋ ನೋಡಿಕೊಂಡಿರಬೇಕು. ಆಮೇಲೆ ಮೇಲಿನ ಎರಡೂ ವೈರಿಗೆ ಹಿಡಿಯಬೇಕು. ಸತ್ತ ಟೆಸ್ಟರಿಗೆ ಎಲ್ಲ ವೈರೂ ಸತ್ತಂತೆಯೇ ಕಾಣುತ್ತದೆ. ಲೈನ್ ಹೋಗಿದೆಯಲ್ಲ ಎಂದುಕೊಂಡು ಕೈ ಹಾಕುವವರಿಗೆ ಹೇಳುವುದೇನೂ ಇಲ್ಲ. ಬೆಳಗಿನಿಂದ ಬಾರದ ಕರೆಂಟು ಬರುವುದು ಆಗಲೇ.

ಏಣಿಯ ವಿಷಯ. ಮೆಣಸು ಕೊಯ್ಯುವ ಏಣಿ ಮನೆಯಲ್ಲಿದೆ ಎಂದು ಅದನ್ನೇ ಒಳಗೆ ತರುವವರಿದ್ದಾರೆ. ಆ ಏಣಿಗೆ ಒರಗಲು ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬುವ ಸಿಲ್ವರ್ ಮರ (ಸಿಲ್ವರ್ ಓಕ್) ಬೇಕು, ನಡುಮನೆಯ ನಡುವೆ ಸಿಲ್ವರ್ ಮರ ಇರುವುದಿಲ್ಲ. ಅದು ಅಲ್ಯೂಮಿನಿಯಮ್ಮಿನದಾದರೆ ವೈರಿನ ಹತ್ತಿರ ತರಲೇಬಾರದು. ತೋಟದಲ್ಲಿ ಆ ಏಣಿ ಲೈನಿಗೆ ತಗುಲಿ ಹೋದವರ ಸುದ್ದಿ ಮೆಣಸಿನ ಕಾಲದಲ್ಲಿ ಓದಿರುತ್ತೇವೆ. ಗಟ್ಟಿ ಮರದ ಸ್ಟೂಲು, ಕಾಲಿಗೆ ಒಣ ರಬ್ಬರ್ ಚಪ್ಪಲಿ ಸಾಕು.

ಮೇನ್ ಇಳಿಸಿದ ಮೇಲೆ ಮಲೆನಾಡಿನ ನಡುಮನೆಯಲ್ಲಿ ಹಗಲು ಹನ್ನೆರಡಕ್ಕೂ ಕತ್ತಲೆ. ಆದ್ದರಿಂದ ಟಾರ್ಚು ಹಿಡಿಯಲು ಒಬ್ಬರು ಬೇಕಾಗುತ್ತಾರೆ. ನಿಜವಾದ ಕಷ್ಟ ಇಲ್ಲಿಂದ ಶುರು.

ಹಿಂದೆ ಟಾರ್ಚೆಂದರೆ ಬರೀ ಟಾರ್ಚು, ಅದಕ್ಕೆ ಬೇರೆ ಕೆಲಸವಿರಲಿಲ್ಲ. ಈಗ ಮೊಬೈಲು. ಟಾರ್ಚು ಹಿಡಿಯುವವರು ಒಂದು ನಿಮಿಷ ಭಕ್ತಿಯಿಂದ ಹಿಡಿಯುತ್ತಾರೆ. ಎರಡನೇ ನಿಮಿಷಕ್ಕೆ ಅವರ ಗಮನ ಪಟ್ಟಿಯ ಮೂಲೆಯ ಹಲ್ಲಿಮೊಟ್ಟೆಗೆ ಹೋಗುತ್ತದೆ, ಬೆಳಕೂ ಹೋಗುತ್ತದೆ. "ಇಲ್ಲಿ, ಇಲ್ಲಿ" ಎಂದರೆ ನೇರ ಕಣ್ಣಿಗೇ ಬಿಡುತ್ತಾರೆ. ಮೇಲಿನವರು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿರುವುದರಿಂದ ಅವರ ಬೈಗುಳವೆಲ್ಲ "ಉಂ ಉಂ" ಎಂದೇ ಕೇಳುತ್ತದೆ. ಅದು ಒಪ್ಪಿಗೆಯೆಂದು ಕೆಳಗಿನವರ ಎಣಿಕೆ. ಅಷ್ಟರಲ್ಲಿ ಟೊಣಕ್ಕೆಂದು ಒಂದು ಮೆಸೇಜು. ನೋಡುವುದಿಲ್ಲ, ಸುಮ್ಮನೆ ಯಾರದೆಂದು ತಿಳಿಯುವಷ್ಟು ಮೊಬೈಲು ವಾಲಿಸುತ್ತಾರೆ. ಬೆಳಕು ಸೂರಿನಿಂದ ಗೋಡೆಗೆ, ಗೋಡೆಯಿಂದ ದೇವರ ಪಟಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆಮೇಲೆ ಫೋನೇ ಬರುತ್ತದೆ. ಕೊಪ್ಪದಿಂದ ಚಿಕ್ಕಮ್ಮ. ಟಾರ್ಚು ಈಗ ಕೆಳಗಿನವರ ಕಿವಿಗೆ ಅಂಟಿಕೊಂಡಿದೆ, ಹಿಂದಿನ ಕಪಾಟಿನ ಮೇಲಿನ ಧೂಳು ಒಂದೊಂದು ಕಣವೂ ಹೊಳೆಯುವಂತೆ ಕಾಣುತ್ತಿದೆ. "ಎಂತದೂ ಇಲ್ಲ, ಲೈಟು ಹಾಕ್ತಾ ಇದೀವಿ. ಅಲ್ಲಿ ಮಳೆಯಾ? ಇಲ್ಲೂ ಅಷ್ಟೆ." ಹಾಕುತ್ತಿರುವುದು ಒಬ್ಬರೇ, ಅದೂ ಕತ್ತಲಲ್ಲಿ, ಕೈಯಲ್ಲಿ ನಾಲ್ಕಡಿ ಗಾಜು ಹಿಡಿದುಕೊಂಡು.

ಟ್ಯೂಬನ್ನು ಕಾಲು ಸುತ್ತು ತಿರುಗಿಸಿದರೆ ಪಿನ್ನುಗಳು ಸಾಲಿಗೆ ಬಂದು ಕೆಳಗಿಳಿಯಬೇಕು. ಇಲ್ಲಿನ ತೇವಕ್ಕೆ ಹೋಲ್ಡರು ತುಕ್ಕು ಹಿಡಿದಿರುತ್ತದೆ. ಒರಟಾಗಿ ತಿರುಗಿಸಿದರೆ ತಗಡಿನ ಟೊಪ್ಪಿ ಹೋಲ್ಡರಿನಲ್ಲಿ, ಗಾಜು ಕೈಯಲ್ಲಿ. ಒಡೆದರೆ ಪೊರಕೆಯಿಂದ ಗುಡಿಸಬಾರದು. ಒಳಗೆ ಒಂದಿಷ್ಟು ಪಾದರಸವಿರುತ್ತದೆ, ಕಿಟಕಿ ತೆರೆದಿಟ್ಟು ಒದ್ದೆ ಕಾಗದದಲ್ಲಿ ಒತ್ತಿ ತೆಗೆಯಬೇಕು.

ಆಮೇಲೆ ಪಟ್ಟಿ. ಎರಡು ಸ್ಕ್ರೂ ಅಷ್ಟೇ, ಆದರೆ ತಲೆಯ ಗೆರೆಯೊಳಗೆ ಮೂರು ಸಲದ ಬಣ್ಣ ತುಂಬಿರುತ್ತದೆ. ಮೊದಲು ಮೊಳೆಯ ತುದಿಯಿಂದ ಗೆರೆ ಕೆರೆದು ಬಿಡಿಸಿಕೊಳ್ಳದೆ ಸ್ಕ್ರೂಡ್ರೈವರ್ ಒತ್ತಿದರೆ ತಲೆ ಸವೆದು ಬೋಳಾಗುತ್ತದೆ. ಪಟ್ಟಿ ಕೆಳಗೆ ಬಂದಾಗ ಅದರ ಜೊತೆ ಕುಂಬಾರ ಹುಳದ ಮಣ್ಣಿನ ಗೂಡು, ಎಷ್ಟೋ ಮಳೆಗಾಲದ ಈಸಲು ರೆಕ್ಕೆ, ಚೋಕಿನ ಕಪ್ಪು ಎಣ್ಣೆಜಿಡ್ಡು. ಮೇಲೆ ನೋಡಿದರೆ ನಾಲ್ಕಡಿ ಉದ್ದ, ಎರಡಿಂಚು ಅಗಲದ ಒಂದು ತಿಳಿನೀಲಿ ಪಟ್ಟೆ. ಪೇಂಟರುಗಳು ಯಾವ ಕಾಲಕ್ಕೂ ಪಟ್ಟಿ ಬಿಚ್ಚಿ ಬಳಿದವರಲ್ಲವಲ್ಲ. ಮನೆಗೆಲ್ಲ ಆ ನೀಲಿ ಇದ್ದ ಕಾಲವೊಂದಿತ್ತು. ಆ ಚೋಕಿನ ಗುಂಯ್ ಶಬ್ದದ ಕೆಳಗೇ ಹಪ್ಪಳ ಒತ್ತಿದ್ದು, ಪರೀಕ್ಷೆಗೆ ಓದಿದ್ದು, ಹೊರಟವರಿಗೆ ಕುಂಕುಮ ಕೊಟ್ಟಿದ್ದು. ಟಾರ್ಚು ಹಿಡಿದವರು ಅಲ್ಲಾಡಿಸದೆ ಹಿಡಿಯುವುದು ಆಗ ಮಾತ್ರ. "ಅಜ್ಜಿ ಇದ್ದಾಗಿನ ಬಣ್ಣ ಅಲ್ವಾ ಇದು" ಎನ್ನುತ್ತಾರೆ. ಒಂದು ಗಳಿಗೆ ಇಬ್ಬರೂ ಮೇಲೆ ನೋಡುತ್ತಾರೆ. ಮತ್ತೆ ಟೊಣಕ್.

ಹೊಸದರ ಕ್ಲಿಪ್ಪುಗಳು ಹಳೇ ತೂತಿಗೆ ಕೂರುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ. ಹಲಗೆಯ ಸೂರಾದರೆ ಸ್ಕ್ರೂ ನೇರ ಹಿಡಿಯುತ್ತದೆ, ಗೆದ್ದಲು ತಿಂದಿಲ್ಲವೆಂದು ಚುಚ್ಚಿ ನೋಡಬೇಕಷ್ಟೆ. ಕಾಂಕ್ರೀಟಾದರೆ 6 ಎಂಎಂ ಡ್ರಿಲ್ ಬಿಟ್ಟಿನಿಂದ ಒಂದೂವರೆ ಇಂಚು ಆಳ, ವೈರು ಬರುವ ಗೆರೆಯಿಂದ ದೂರ ಕೊರೆಯಬೇಕು. ಬಿಟ್ಟಿಗೆ ಒಂದು ಪ್ಲಾಸ್ಟಿಕ್ ಲೋಟ ಪೋಣಿಸಿಕೊಂಡರೆ ಪುಡಿ ಕಣ್ಣಿಗೆ ಬೀಳುವುದಿಲ್ಲ. ಹಾಗಂತ ಡ್ರಿಲ್ಲಿಗೆ ಕರೆಂಟು ಬೇಕು, ಮೇನ್ ಆಫ್ ಇದೆ! ಅದಕ್ಕೇ ಹಳೇ ವೈರಿನ ತುದಿಗಳಿಗೆ ಬೇರೆಬೇರೆಯಾಗಿ ಟೇಪು ಸುತ್ತಿ, ಮೇನ್ ಏರಿಸಿ, ತೂತು ಕೊರೆದು, ಮತ್ತೆ ಇಳಿಸಬೇಕು. ಫ್ಯೂಸು ಯಾರ ಜೇಬಿನಲ್ಲಿತ್ತು ಎಂಬ ಹುಡುಕಾಟ ಈ ಹೊತ್ತಿನದು.

ಇನ್ನು ಆ ಗೇಣುದ್ದದ ಬಾಲ. ಸುಲಭದ ದಾರಿಯೆಂದರೆ ಬ್ಯಾಟನ್ನನ್ನೇ ಎರಡಡಿ ಸರಿಸಿ, ಅದರ ತುದಿ ವೈರಿನ ಹತ್ತಿರ ಬರುವಂತೆ ಕೂರಿಸುವುದು. ಆಮೇಲೆ ಜೀವಮಾನವಿಡೀ ಬಂದವರೆಲ್ಲ "ಲೈಟು ಒಂದು ಕಡೆಗೆ ಹೋಗಿದೆಯಲ್ಲ" ಎನ್ನುತ್ತಾರೆ. ಸರಿಯಾದ ದಾರಿ, ಎರಡೂವರೆ ಅಡಿ ತಾಮ್ರದ ವೈರು ಸೇರಿಸಿ, ಪಿವಿಸಿ ಪಟ್ಟಿಯೊಳಗೆ ತುದಿಯವರೆಗೆ ಒಯ್ಯುವುದು. ಹಳೇ ವೈರು ಅಲ್ಯೂಮಿನಿಯಮ್ಮಿನದಾದರೆ ತಾಮ್ರದ ಜೊತೆ ಹೊಸೆದು ಟೇಪು ಸುತ್ತಲೇಬಾರದು. ಆ ಗಂಟು ಕಾಲ ಹೋದಂತೆ ಸಡಿಲವಾಗಿ ಬಿಸಿಯಾಗುತ್ತದೆ. ಸ್ಕ್ರೂ ಇರುವ ಕನೆಕ್ಟರಿನಲ್ಲಿ ಒಂದೊಂದು ಕಡೆಯಿಂದ, ತುದಿಗೆ ತುದಿ ಮುಟ್ಟದಂತೆ ಬಿಗಿಯಬೇಕು. ಅಲ್ಯೂಮಿನಿಯಂ ವೈರನ್ನು ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಮುರಿದಷ್ಟೂ ಬಾಲ ಇನ್ನೂ ಮೋಟಾಗುತ್ತದೆ.

ಇಷ್ಟಾಗಿ ರಾತ್ರಿ ಲೈಟು ಆರಿಸಿದ ಮೇಲೆ ಮಲಗಿದಲ್ಲಿಂದಲೇ ಕೂಗು: "ಅದು ಪೂರ್ತಿ ಆರಿಲ್ಲ ನೋಡಿ." ಹೌದು, ಬ್ಯಾಟನ್ನು ಮಿಣುಕುಹುಳದಂತೆ ಮಸುಕಾಗಿ ಹೊಳೆಯುತ್ತಿರುತ್ತದೆ. ಸ್ವಿಚ್ಚು ನ್ಯೂಟ್ರಲ್ಲಿನಲ್ಲಿದೆ ಎಂಬುದಕ್ಕೆ ಸಾಕ್ಷಿ, ಇಲ್ಲವೇ ಸ್ವಿಚ್ಚಿನೊಳಗಿನ ಕೆಂಪು ದೀಪದ ಕಿತಾಪತಿ. ಎಲ್‌ಇಡಿಗೆ ಅಷ್ಟು ಸೋರಿಕೆಯೂ ಸಾಕು, ಹಳೇ ಟ್ಯೂಬಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಸ್ವಿಚ್ಚು ನ್ಯೂಟ್ರಲ್ಲಿನಲ್ಲಿದ್ದರೆ ಬೋರ್ಡು ಬಿಚ್ಚಿ ಫೇಸನ್ನು ಸ್ವಿಚ್ಚಿನ ಮೂಲಕ ಹಾಯಿಸಿದರೆ ಸರಿಹೋಗುತ್ತದೆ. ಅದಕ್ಕೆ ಮತ್ತೆ ಮೇನ್, ಮತ್ತೆ ಯುಪಿಎಸ್ಸು, ಮತ್ತೆ ಟಾರ್ಚು ಹಿಡಿಯುವವರು.

"ಇರಲಿ ಬಿಡಿ" ಎಂದು ಅವರೇ ಹೇಳುತ್ತಾರೆ, "ರಾತ್ರಿ ಬಚ್ಚಲಿಗೆ ಹೋಗೋಕೆ ಆಗುತ್ತೆ."